ಕಂಪ್ಯೂಟರಿನ ನಿರ್ಮಾಲ್ಯ

ಹಾಲಿನ ಸೊಸೈಟಿಯ ಕಂಪ್ಯೂಟರ್ ಬೆಳಿಗ್ಗೆಯಿಂದ ಕೀ ಕೀ ಎನ್ನುತ್ತಿತ್ತೇ ಹೊರತು ಶುರುವಾಗುತ್ತಿರಲಿಲ್ಲ.

"ಬೇಗ ಓಡ್ಲಿ ಅಂತ ನಿನ್ನೆ ಆಯುಧಪೂಜೆ ದಿನ ನನ್ನ ಕೈಯಾರೆ ಹೊಸ ರ‍್ಯಾಮ್ ಹಾಕಿದೀನಿ. ಕೆಡಿಸಿದೋಳು ನೀನೇ!" ಎಂದು ಅಧ್ಯಕ್ಷ ಮರೀಗೌಡರು ಗುಡುಗಿದರು. "ಸಂಜೆ ಹಾಲು ಬರೋ ಹೊತ್ತಿಗೆ ಸರಿಹೋಗದಿದ್ರೆ ನಾಳೆಯಿಂದ ಬರಬೇಡ."

ಗುಮಾಸ್ತೆ ಭಾಗ್ಯಮ್ಮ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡಳು. ಹಿಂದಿದ್ದ ಗುಮಾಸ್ತ, ಗೌಡರ ತಪ್ಪು ಎತ್ತಿ ತೋರಿಸಿದ ದಿನವೇ ಕೆಲಸ ಕಳೆದುಕೊಂಡಿದ್ದ. ಸಿಪಿಯು ಬಿಚ್ಚಿ ರ‍್ಯಾಮ್ ಹೊರತೆಗೆದಳು. ಕರೆಂಟು ಹಾಯುವ ಅದರ ಚಿನ್ನದ ಬಣ್ಣದ ಹಲ್ಲುಗಳ ತುಂಬ ಕುಂಕುಮ! ಗೌಡರು ಅದಕ್ಕೂ ಪೂಜೆ ಮಾಡಿಯೇ ಕೂರಿಸಿದ್ದರು. ಹೇಳಿದರೆ ಕೆಲಸ ಹೋಗುತ್ತದೆ. ಅವರಿಟ್ಟ ಕುಂಕುಮವನ್ನು ಅವರೆದುರೇ ಒರೆಸಿದರೂ ಹೋಗುತ್ತದೆ.

"ಗೌಡ್ರೇ," ಎಂದಳು ಮೆಲ್ಲಗೆ. "ಪೂಜೆಯೇನೋ ಆಯ್ತು. ನಿರ್ಮಾಲ್ಯ ತೆಗೆದಿಲ್ವಲ್ಲ? ಪೂಜೆ ಮಾಡಿದ ಕೈಯೇ ತೆಗೀಬೇಕಂತೆ."

"ಅದು ನನಗೆ ಗೊತ್ತಿಲ್ವಾ!" ಎಂದ ಗೌಡರು, ಹೆಗಲ ಮೇಲಿನ ಬಿಳೀ ಟವೆಲಿನಿಂದ ರ‍್ಯಾಮನ್ನು ಭಕ್ತಿಯಿಂದ ತಿಕ್ಕಿ ಒರೆಸಿ ಮತ್ತೆ ಕೂರಿಸಿದರು. ಭಾಗ್ಯಮ್ಮ ಕಣ್ಣು ಮುಚ್ಚಿ ಬಟನ್ ಒತ್ತಿದಳು. ಪರದೆ ಬೆಳಗಿತು.

"ನೋಡಿದ್ಯಾ ನನ್ನ ಕೈಗುಣ!" ಗೌಡರು ಹಿಗ್ಗಿ, ಮೇಜಿನ ಮೇಲೆ ಉಳಿದಿದ್ದ ನಿನ್ನೆಯ ಕುಂಕುಮದ ಬಟ್ಟಲಿಗೆ ಬೆರಳದ್ದಿ, ಬಿಚ್ಚಿದ್ದ ಸಿಪಿಯು ಕಡೆಗೆ ಬಗ್ಗಿದರು.

"ಹಣೆಗಿಡಿ ಗೌಡ್ರೇ, ಹೊಟ್ಟೆಯೊಳಕ್ಕೆ ಬೇಡ!" ಎಂದು ಬಾಯಿತಪ್ಪಿ ಕಿರುಚಿದ ಭಾಗ್ಯಮ್ಮ ನಾಲಿಗೆ ಕಚ್ಚಿಕೊಂಡಳು. ಕೆಲಸ ಹೋಯಿತೆಂದೇ ಅಂದುಕೊಂಡಳು.

ಗೌಡರ ಕೈ ಅಲ್ಲೇ ನಿಂತಿತು. ಕೆಂಪಾದ ಟವೆಲನ್ನೊಮ್ಮೆ ನೋಡಿದರು, ಅವಳನ್ನೊಮ್ಮೆ ನೋಡಿದರು. ಬೊಟ್ಟನ್ನು ಪರದೆಯ ನೆತ್ತಿಗಿಟ್ಟರು. ಆಮೇಲೆ ಟವೆಲನ್ನು ಕಲೆ ಒಳಗಾಗುವಂತೆ ಮಡಚಿ ಹೆಗಲಿಗೆ ಹಾಕಿಕೊಂಡು, "ನಾಳೆ ಹೊತ್ತಿಗೆ ಸರಿಯಾಗಿ ಬಾ," ಎಂದು ಹೊರಟರು.