ಅನ್ನಕ್ಕೆ ಎದ್ದು ನಿಂತವಳು

ನಡೆಯುವವರ ಮುಂದೆ ನಡೆದು, ನಡೆಯಲಾರದವರ ಪಕ್ಕದಲ್ಲಿ ಕೂತುಕೊಳ್ಳುವ ದೇವರಿಗೆ ಮೊದಲ ಶರಣು. ಬಡಿಸುವಾಗ ಮುಖ ನೋಡದೆ ಹಸಿವನ್ನಷ್ಟೇ ನೋಡುವ ಅನ್ನಪೂರ್ಣೆ ತಾಯಿಗೆ ಶರಣು. ಹೇಳುವ ನಾಲಗೆಗೂ ಕೇಳುವ ಕಿವಿಗೂ ಅವರ ದಯೆ ಇರಲಿ.

"ಅಜ್ಜಾರ, ನ್ಯಾಯ ಯಾವುದು ಅನ್ನೋದು ನನಗ ತಿಳೀವಲ್ದು" ಎಂದ ಶಿಷ್ಯ ಶಂಭುಲಿಂಗ. "ಮಂದಿ ಬೆವರು ಸುರಿಸಿ ಕಂದಾಯ ಕಟ್ಟತಾರ. ಅದರಾಗ ಸರಕಾರ ಅಂಗವಿಕಲರಿಗೆ ಮಾಸಾಶನ ಕೊಡತೈತಿ. ಸುಳ್ಳು ಹೇಳಿ ತಗೊಳ್ಳೋರೂ ಅದಾರ. ಅಂಥವರನ್ನ ಹುಡುಕಿ ತೆಗೆದು ಹಾಕೋದು ಧರ್ಮ ಅಲ್ಲೇನ್ರಿ?"

ಶಂಭುಲಿಂಗ ತಾಲ್ಲೂಕು ಕಚೇರಿಯ ನೌಕರ. ಮಠದ ಅಜ್ಜನವರಲ್ಲಿ ಹನ್ನೆರಡು ವರ್ಷದಿಂದ ನಡೆದುಕೊಂಡವನು. ಮಾಸಾಶನದವರ ಪಟ್ಟಿ ಬೆಳೆದಿದೆ, ಮನೆ ಮನೆಗೆ ಹೋಗಿ ನೋಡಿ ಕಾಲು ಭಾಗ ಇಳಿಸಬೇಕು ಎಂದು ಅವನಿಗೆ ಮೇಲಿನಿಂದ ಆದೇಶ ಬಂದಿತ್ತು. ಮರುದಿನ ಬೆಳಗ್ಗೆ ಕೆಲಸ ಶುರು. ಆ ದಿನ ಅವನು ಮಠದ ಊಟದ ಪಂಕ್ತಿಯಲ್ಲಿ ಕೂತು, ಬಡಿಸಿದ್ದನ್ನು ಹಾಗೆಯೇ ಬಿಟ್ಟು ಎದ್ದು ಬಂದಿದ್ದ.

ಅಜ್ಜನವರು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. "ಕೂಡು ತಮ್ಮಾ" ಎಂದು ಹೇಳಿ, ಈ ಕತೆ ಹೇಳಿದರು.

ಒಂದು ರಾಜ್ಯವಿತ್ತು. ಅಲ್ಲಿಯ ಅರಸ ಕೆಟ್ಟವನಲ್ಲ. ಅವನ ಮುತ್ತಜ್ಜನ ಕಾಲದಿಂದ ಒಂದು ಕಟ್ಟಳೆ ನಡೆದು ಬಂದಿತ್ತು. ಮೈಯಲ್ಲಿ ಊನವಿದ್ದು ದುಡಿಯಲಾರದವರ ಮನೆಗೆ ಸೋಮವಾರಕ್ಕೊಮ್ಮೆ ಅರಮನೆಯ ಕಣಜದ ಬಂಡಿ ಬರುತ್ತಿತ್ತು. ಬಂಡಿಯವನು ಬಾಗಿಲ ಮುಂದೆ ಎತ್ತು ನಿಲ್ಲಿಸಿ, ವಾರಕ್ಕಾಗುವಷ್ಟು ಜೋಳ ಸುರಿದು ಹೋಗುತ್ತಿದ್ದ.

ಆ ನಾಡಿನ ಜನರಲ್ಲಿ ಒಂದು ನಡವಳಿಕೆಯಿತ್ತು. ಮನೆಗೆ ಕಾಳು ಬಂದಾಗ ಯಾರೂ ಕೂತಿರುತ್ತಿರಲಿಲ್ಲ. ಹೊಲದಿಂದ ಬರಲಿ, ಸಂತೆಯಿಂದ ಬರಲಿ, ದಾನವಾಗಿ ಬರಲಿ, ಬಂದವಳು ಅನ್ನಪೂರ್ಣೆ. ಮುದುಕರು ಏಳುತ್ತಿದ್ದರು, ಬಾಣಂತಿಯರು ಏಳುತ್ತಿದ್ದರು. ಏನು ಮಾಡಿದರೂ ಏಳಲಾಗದವರು ಮಾತ್ರ ಕೂತಲ್ಲೇ ಕೈಮುಗಿದು, ತಾಯಿಯಲ್ಲಿ ಕ್ಷಮೆ ಬೇಡುತ್ತಿದ್ದರು.

ಅಲ್ಲಿ ಕೌದಿ ಹೊಲಿಯುವ ಒಬ್ಬ ಹೆಣ್ಣುಮಗಳಿದ್ದಳು. ಐದು ವರ್ಷದವಳಿದ್ದಾಗ ಜ್ವರ ಬಂದು ಎರಡೂ ಕಾಲು ಸೊರಗಿದ್ದವು. ತೆವಳಿಕೊಂಡೇ ಒಲೆಗೆ, ತೆವಳಿಕೊಂಡೇ ಹಿತ್ತಿಲಿಗೆ. ಹಳೆಯ ಸೀರೆ ತಂದುಕೊಟ್ಟವರಿಗೆ ಕೌದಿ ಹೊಲಿದು ಕೊಡುತ್ತಿದ್ದಳು. ಒಂದು ಕೌದಿಗೆ ಒಂದು ತಿಂಗಳು ಹಿಡಿಯುತ್ತಿತ್ತು. ಅದರಿಂದ ಉಪ್ಪು, ಎಣ್ಣೆ ಸಾಗುತ್ತಿತ್ತು. ರೊಟ್ಟಿ ಮಾತ್ರ ಕಣಜದ ಬಂಡಿಯದೇ.

ಸೋಮವಾರ ಎತ್ತಿನ ಗೆಜ್ಜೆ ಕೇಳಿದೊಡನೆ ಅವಳು ಹೊಸ್ತಿಲಿಗೆ ಬರುತ್ತಿದ್ದಳು. ಬಾಗಿಲ ಚೌಕಟ್ಟನ್ನು ಎರಡೂ ಕೈಯಿಂದ ಹಿಡಿದು, ಹಲ್ಲು ಕಚ್ಚಿ, ಮೇಲೇಳುತ್ತಿದ್ದಳು. ಹತ್ತು ಎಣಿಸುವಷ್ಟು ಹೊತ್ತು ನಿಲ್ಲುತ್ತಿದ್ದಳು. ಆ ಹತ್ತು ಎಣಿಕೆಗೆ ಮುಂದೆ ಎರಡು ದಿನ ಮಗ್ಗಲು ಬದಲಿಸಲಾಗದ ನೋವು. ಆದರೂ ಅವಳಿಗೆ ವಾರದಲ್ಲಿ ಅದೊಂದೇ ಗಳಿಗೆ ತಾನು ಎಲ್ಲರ ಹಾಗೆ ಎಂದು ಅನ್ನಿಸುತ್ತಿತ್ತು. ಬಂಡಿಯವನು ಇದೆಲ್ಲ ಬಲ್ಲ. ಅವಳ ಬಾಗಿಲಲ್ಲಿ ಅವನು ಜೋಳವನ್ನು ಅವಸರದಿಂದ ಸುರಿಯುತ್ತಿದ್ದ. "ಸಾಕು, ಕುಂದ್ರವ್ವಾ. ತಾಯಿ ನೋಡಿದಳು" ಎನ್ನುತ್ತಿದ್ದ.

ಹೀಗಿರುವಾಗ ಎರಡು ವರ್ಷ ಬೆಳೆ ಕಡಿಮೆಯಾಯಿತು. ಅತ್ತ ಅರಸ ಕೋಟೆಗೆ ಹೊಸ ಗೋಡೆ ಕಟ್ಟಿಸುತ್ತಿದ್ದ. ಕಣಜದ ತಳ ಕಾಣತೊಡಗಿತು. ಒಬ್ಬ ರೈತ ಓಲಗಕ್ಕೆ ಬಂದು, "ಪ್ರಭುವೇ, ಬಗ್ಗಿದ ಬೆನ್ನು ಎತ್ತದೆ ನಾವು ಬೆಳೆಯುತ್ತೇವೆ. ಬಂಡಿ ಕೂತವರ ಮನೆಗೆ ಹೋಗುತ್ತದೆ" ಎಂದ. ಅವನ ದಣಿವು ಸುಳ್ಳಲ್ಲ. ಒಬ್ಬ ವ್ಯಾಪಾರಿ ಎದ್ದು, "ನನ್ನ ಓಣಿಯಲ್ಲೇ ಒಬ್ಬ ಗಟ್ಟಿಮುಟ್ಟಾದವನು ಕಾಲಿಗೆ ಬಟ್ಟೆ ಸುತ್ತಿಕೊಂಡು ಮಂಚ ಹಿಡಿದಿದ್ದಾನೆ" ಎಂದ. ಅದೂ ಸುಳ್ಳಲ್ಲ. ಗೋಡೆಯ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ.

ಅರಸ ಒಬ್ಬ ಅಧಿಕಾರಿಯನ್ನು ನೇಮಿಸಿದ. ನಾಲ್ಕು ಮನೆಯಲ್ಲಿ ಒಂದು ಮನೆಗೆ ಜೋಳ ಕೊಡುವುದನ್ನು ನಿಲ್ಲಿಸಬೇಕೆಂದು ಅಪ್ಪಣೆಯಾಯಿತು. ಎಷ್ಟು ಜನ ಎಂಬುದು ಮೊದಲೇ ನಿಶ್ಚಯವಾಯಿತು. ಯಾರು ಎಂಬುದನ್ನಷ್ಟೇ ನೋಡುವುದು ಉಳಿಯಿತು.

ಅಧಿಕಾರಿ ಪ್ರಾಮಾಣಿಕ. ಯಾರ ಮನೆಯ ನೀರನ್ನೂ ಕುಡಿಯುವವನಲ್ಲ. ಬಾಯಿ ಸುಳ್ಳು ಹೇಳಬಹುದು, ಕಣ್ಣಿಗೆ ಕಂಡದ್ದು ಸುಳ್ಳಾಗದು ಎಂದು ಅವನು ನಂಬಿದ್ದ. ಆದ್ದರಿಂದ ವಾರಕ್ಕೆ ಕೆಲವು ಓಣಿಯಂತೆ, ಸೋಮವಾರ ತಾನೇ ಬಂಡಿಯೇರಿ ಹೊರಟ.

ಮೊದಲ ಓಣಿಯಲ್ಲಿ ಬುಟ್ಟಿ ಹೆಣೆಯುವವನೊಬ್ಬನಿದ್ದ. ಅವನಿಗೆ ಒಂದೇ ಕಾಲು. ಜೋಳ ಸುರಿಯುವಾಗ ಅವನು ಕೋಲಿಗೆ ಎದೆ ಆನಿಸಿ ಎದ್ದು ನಿಂತ.

"ಕಾಲಿಲ್ಲ ಅಂತಿ. ನಿಂತಿದ್ದೀಯಲ್ಲ?" ಎಂದ ಅಧಿಕಾರಿ.

"ಕಾಳು ಬಂದಾಗ ನಿಲ್ಲದ ಇರೂದು ಹ್ಯಾಂಗ್ರಿ ಯಪ್ಪಾ?"

ಅಧಿಕಾರಿಯೂ ಅದೇ ನಾಡಿನವನು. ಅವನ ಮನೆಯಲ್ಲೂ ಕಾಳಿಗೆ ಏಳುತ್ತಿದ್ದರು. ಆದರೆ ಏಳುವುದು ಅವನಿಗೆ ಎಂದೂ ಕಷ್ಟವಾಗಿರಲಿಲ್ಲ. ಹೀಗಾಗಿ ಆ ಏಳುವಿಕೆಯಲ್ಲಿ ಕಾಲಿನ ಪಾಲೆಷ್ಟು, ಭಕ್ತಿಯ ಪಾಲೆಷ್ಟು ಎಂದು ಅವನು ಯೋಚಿಸಿರಲಿಲ್ಲ. 'ನಿಲ್ಲಬಲ್ಲ' ಎಂದು ಬರೆದುಕೊಂಡ.

ಮುಂದಿನ ಓಣಿಯಲ್ಲಿ ಕಾಲಿಗೆ ಬಟ್ಟೆ ಸುತ್ತಿಕೊಂಡ ಆ ಗಟ್ಟಿಗ ಮಂಚದ ಮೇಲಿದ್ದ. ಅವನು ಜನ್ಮದಲ್ಲಿ ಕಾಳಿಗೆ ಎದ್ದವನಲ್ಲ. ಆ ದಿನವೂ ಏಳಲಿಲ್ಲ, ಕತ್ತನ್ನೂ ತಿರುಗಿಸಲಿಲ್ಲ. ಅಧಿಕಾರಿಗೆ ಮರುಕ ಹುಟ್ಟಿತು. ಅನ್ನಪೂರ್ಣೆಯೇ ಬಂದರೂ ಏಳಲಾರದ ಸ್ಥಿತಿ ಯಾರಿಗೂ ಬೇಡವೆಂದುಕೊಂಡು, 'ನಿಜವಾದ ಅಶಕ್ತ' ಎಂದು ಬರೆದುಕೊಂಡ.

ಮರುವಾರ ಬಂಡಿ ಬುಟ್ಟಿಯವನ ಮನೆಯನ್ನು ದಾಟಿ ಹೋಯಿತು. ಗೆಜ್ಜೆ ಕೇಳಿ ಅವನು ಆಗಲೇ ಎದ್ದು ನಿಂತಿದ್ದ.

ಸುದ್ದಿ ಕೌದಿಯವಳ ಓಣಿಗೆ ಮುಟ್ಟಿತು. ಅಧಿಕಾರಿ ಅಲ್ಲಿಗೆ ಬರಲು ಇನ್ನು ಐದು ದಿನ. ಕೆಲಸದಲ್ಲಿ ಅವಳ ಮನಸ್ಸು ನಿಲ್ಲದಾಯಿತು. ಹಾಕಿದ ಹೊಲಿಗೆಯನ್ನೇ ಬಿಚ್ಚಿ ಮತ್ತೆ ಹಾಕುತ್ತಿದ್ದಳು. ನಿಂತರೆ ರೊಟ್ಟಿ ಹೋಗುತ್ತದೆ. ಕೂತರೆ ತಾಯಿಗೆ ಅಪಚಾರ. ಬಾಗಿಲಲ್ಲಿ ಯಾರದಾದರೂ ನೆರಳು ಸುಳಿದರೆ ಒಳಕ್ಕೆ ತೆವಳುತ್ತಿದ್ದಳು. ಹಗ್ಗದ ಮೇಲೆ ಹಾಕಿದ್ದ ಕೌದಿಯನ್ನು ಕೂತಲ್ಲಿಂದಲೇ ಕೈ ಚಾಚಿ ಎಳೆದುಕೊಳ್ಳುತ್ತಿದ್ದವಳು, ಈಗ ಅದನ್ನು ಬಿಸಿಲಲ್ಲೇ ಬಿಟ್ಟಳು.

ನೆರೆಮನೆಯ ಕುಂಬಾರಗಿತ್ತಿ ಬಂದು ಬೈದಳು. "ನೀ ಸುಮ್ಮನ ಕುಂತಿರು ನಮ್ಮವ್ವಾ. ದೇವಿ ಸಿಟ್ಟಾದರ ಒಂದು ಕಾಯಿ ಒಡೆದು ಸಮಾಧಾನ ಮಾಡೂಣು. ಆ ಅಧಿಕಾರಿ ಸಿಟ್ಟಾದರ ಏನು ಒಡೀಲಿ, ನನ್ನ ಗಡಿಗಿ?"

"ಕುಂದ್ರಬೇಕು ಅಂತ ಮನಸಿಗೆ ಹೇಳೇನಿ ಅಕ್ಕಾ. ಕಾಳು ಸುರಿಯೂ ಸಪ್ಪಳ ಕೇಳಿದರ ಕೈ ತಾನ ಚೌಕಟ್ಟಿಗೆ ಹೋಗತಾವ."

"ಹಂಗಾದರ ರೂಢಿ ಮಾಡೂಣು. ಈಗ ನಾನ ಅಧಿಕಾರಿ."

ಕುಂಬಾರಗಿತ್ತಿ ತಲೆಗೆ ಸೆರಗು ಸುತ್ತಿ ರುಮಾಲು ಮಾಡಿಕೊಂಡಳು. ಗಡಿಗೆಯಲ್ಲಿದ್ದ ಜೋಳವನ್ನು ಎತ್ತಿ ಮೊರಕ್ಕೆ ಸುರಿದಳು. ಕೌದಿಯವಳ ಕೈ ಚೌಕಟ್ಟು ಹಿಡಿದಿತ್ತು.

"ಕೈ ಕೆಳಗ!" ಎಂದು ಕುಂಬಾರಗಿತ್ತಿ ಗದರಿದಳು. ಇಬ್ಬರೂ ನಕ್ಕರು. ಮತ್ತೆ ಸುರಿದಳು. ಮತ್ತೆ ಕೈ ಹೋಯಿತು. ನಾಲ್ಕನೆಯ ಸಲಕ್ಕೆ ಕೌದಿಯವಳು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅವುಗಳ ಮೇಲೆ ಕೂತಳು. ಜೋಳ ಬಿತ್ತು. ಅವಳು ಅಲುಗಲಿಲ್ಲ. ಆಮೇಲೆ ಕುಂಬಾರಗಿತ್ತಿ ನೋಡಿದರೆ ಅವಳು ಅಳುತ್ತಿದ್ದಳು. ಇಬ್ಬರಲ್ಲಿ ಯಾರೂ ಮತ್ತೆ ನಗಲಿಲ್ಲ.

ಸೋಮವಾರ ಬಂತು. ಗೆಜ್ಜೆ ಕೇಳಿತು. ಅವಳು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಳು. ಜೋಳ ಸುರಿಯಿತು. ಅಧಿಕಾರಿ ಪಕ್ಕದಲ್ಲಿದ್ದುದರಿಂದ ಬಂಡಿಯವನು ಆ ದಿನ ಅವಸರ ಮಾಡುವ ಹಾಗಿರಲಿಲ್ಲ. ನಿಧಾನವಾಗಿ ಸುರಿದ. ಅವಳು ಕಣ್ಣು ಮುಚ್ಚಿ, ಏಳದೆ ಕೂತಳು.

ಅಧಿಕಾರಿ ಮೆತ್ತಗೆ ಕೇಳಿದ. "ತಂಗೀ, ನಿನಗೆ ನಿಲ್ಲಲು ಆಗುವುದೇ ಇಲ್ಲವೇ?"

ಈ ಪ್ರಶ್ನೆಯನ್ನು ಅವಳು ರೂಢಿ ಮಾಡಿರಲಿಲ್ಲ. ಹತ್ತು ಎಣಿಸುವಷ್ಟು ನಿಲ್ಲಬಲ್ಲೆ, ಅದಕ್ಕೆ ಎರಡು ದಿನ ನರಳುತ್ತೇನೆ ಎಂದು ಹೇಳಿದರೆ, ಅವನು ಮೊದಲ ಮಾತನ್ನು ಬರೆದುಕೊಂಡು ಎರಡನೆಯದನ್ನು ಬಿಡುತ್ತಾನೆ. ಬುಟ್ಟಿಯವನಿಗೆ ಆದದ್ದು ಅದೇ. 

"ಇಲ್ಲ" ಎಂದಳು.

ಹನ್ನೆರಡು ವರ್ಷ ಅವಳು ನಿಂತದ್ದನ್ನು ಕಂಡ ಬಂಡಿಯವನು ಎತ್ತಿನ ಕೊರಳು ತುರಿಸುತ್ತ ನಿಂತ. ಅಧಿಕಾರಿ ಬರೆದುಕೊಂಡ. ಬಂಡಿ ಮುಂದೆ ಹೋಯಿತು.

ಅವಳ ರೊಟ್ಟಿ ಉಳಿಯಿತು. ಆದರೆ ಆ ದಿನ ಅವಳು ಒಲೆ ಹಚ್ಚಲಿಲ್ಲ. ಮೊದಲ ಸಲ ತಾಯಿಯ ಎದುರು ಕೂತಿದ್ದಳು, ಮೊದಲ ಸಲ ಸುಳ್ಳು ಹೇಳಿದ್ದಳು, ಎರಡೂ ಒಂದೇ ಗಳಿಗೆಯಲ್ಲಿ. ಇಷ್ಟಕ್ಕೆ ಭಯ ಹೋಯಿತೇ? ಹೋಗಲಿಲ್ಲ, ಹೆಚ್ಚಾಯಿತು. ಇಲ್ಲ ಎಂದವಳು ಇನ್ನು ಎಂದೂ ನಿಲ್ಲುವ ಹಾಗಿಲ್ಲ. ಯಾರು ನೋಡುತ್ತಾರೋ, ಯಾರು ಹೇಳುತ್ತಾರೋ. ಹಿತ್ತಿಲಲ್ಲಿ ನಿಲ್ಲಲಿಲ್ಲ. ಕದ ಮುಚ್ಚಿಕೊಂಡೂ ನಿಲ್ಲಲಿಲ್ಲ. ಕೌದಿ ಕೇಳಲು ಬಂದವರಿಗೆ ಕೈಯೂ ನೋಯುತ್ತದೆ ಎಂದು ಹೇಳಿ ಕಳಿಸಿದಳು. ಹೊಲಿಯುವುದನ್ನು ಕಂಡರೆ ಇನ್ನೇನು ಕೇಳುತ್ತಾರೋ ಎಂಬ ಅಂಜಿಕೆ. ಓಣಿ ಓಣಿಯಲ್ಲೂ ಹೀಗೇ ಆಯಿತು. ಕುರುಡ ಗಾಯಕ ತಡವಿಕೊಂಡು ಗುಡಿಗೆ ಹೋಗುವುದನ್ನು ಬಿಟ್ಟ. ಕೈ ಮುರುಟಿದ ಮುದುಕಿ ಮೊಮ್ಮಗಳ ತಲೆ ಬಾಚುವುದನ್ನು ಬಿಟ್ಟಳು. ಎಲ್ಲರೂ ತಮ್ಮಲ್ಲಿ ಉಳಿದಿದ್ದ ಚೂರುಪಾರು ಶಕ್ತಿಯನ್ನು ಕದ್ದ ಮಾಲಿನ ಹಾಗೆ ಬಚ್ಚಿಟ್ಟರು.

ಒಂದು ವರ್ಷ ಕಳೆಯಿತು. ಬೆಳೆ ಚೆನ್ನಾಗಿ ಬಂತು, ಕೋಟೆಯ ಗೋಡೆ ಮುಗಿಯಿತು. ಅಧಿಕಾರಿ ಓಲಗದಲ್ಲಿ ಕೈಮುಗಿದು, "ಪ್ರಭುವೇ, ಈಗ ಬಂಡಿ ನಿಲ್ಲುವ ಯಾವ ಮನೆಯಲ್ಲೂ ಎದ್ದು ನಿಲ್ಲುವವರಿಲ್ಲ. ಎಲ್ಲರೂ ನಿಜವಾದವರೇ" ಎಂದ. ಅವನು ಕಂಡದ್ದನ್ನೇ ಹೇಳಿದ. ಅರಸ ಸಂತೋಷಪಟ್ಟು, ಇನ್ನು ನೋಡುವುದು ಸಾಕು ಎಂದ. ಕಣಜ ತುಂಬಿದೆ, ಜೋಳ ನಿಂತಿದ್ದ ಮನೆಗಳಿಗೂ ಮತ್ತೆ ಹೋಗಲಿ ಎಂದ. ಬಂಡಿ ಮತ್ತೆ ಬುಟ್ಟಿಯವನ ಬಾಗಿಲಿಗೆ ಹೋಯಿತು. ಅಲ್ಲಿ ಅವನಿರಲಿಲ್ಲ. ಎಲ್ಲಿಗೆ ಹೋದನೆಂದು ಅಕ್ಕಪಕ್ಕದವರಿಗೂ ತಿಳಿದಿರಲಿಲ್ಲ.

ಅದೇ ಸೋಮವಾರ ಬಂಡಿಯವನು ಒಬ್ಬನೇ ಕೌದಿಯವಳ ಮನೆಗೆ ಬಂದ. ಮುಖ ಅರಳಿತ್ತು.

"ಇನ್ನ ಯಾರೂ ನೋಡೂದಿಲ್ಲವ್ವಾ. ಏಳು. ತಾಯಿ ಬಂದಾಳ."

ಅವಳು ಅವನನ್ನು ನೋಡಿದಳು, ಅವನ ಹಿಂದೆ ಓಣಿಯನ್ನು ನೋಡಿದಳು. ಯಾರೂ ಇರಲಿಲ್ಲ. ತೊಡೆಯ ಕೆಳಗಿನಿಂದ ಕೈ ತೆಗೆದು ಚೌಕಟ್ಟು ಹಿಡಿದಳು. ಹಲ್ಲು ಕಚ್ಚಿದಳು. ಕೈ ಎಳೆಯಿತು, ಬೆನ್ನು ಎಳೆಯಿತು. ಕಾಲು ಬರಲಿಲ್ಲ. ಮತ್ತೊಮ್ಮೆ ಎಳೆದಳು. ಬರಲಿಲ್ಲ.

ಬಂಡಿಯವನು ಜೋಳ ಸುರಿಯದೆ ಕಾದ. ಎಷ್ಟೋ ಹೊತ್ತು ಕಾದ. ಕೊನೆಗೆ ಅವಳೇ, "ಸುರಿಯಪ್ಪಾ" ಎಂದಳು. "ಈಗ ನಾ ಹೇಳಿದ್ದು ಖರೇ ಆತು."

ಅಜ್ಜನವರು ಕತೆ ನಿಲ್ಲಿಸಿದರು.

 ಶಂಭುಲಿಂಗನೊಳಗಿನ ನೌಕರ ಸುಮ್ಮನಾಗಲಿಲ್ಲ. "ಹಂಗಾದರ ಆ ಮಂಚದ ಮ್ಯಾಲಿನ ಮೋಸಗಾರನ್ನ ಬಿಡಬೇಕೇನ್ರಿ ಅಜ್ಜಾರ? ನೋಡಬಾರದು ಅಂತೀರೇನು?"

ಅಜ್ಜನವರು ಅವನ ಮುಖವನ್ನು ಕರುಣೆಯಿಂದ ನೋಡಿದರು.

"ನೋಡು ತಮ್ಮಾ, ಅವಶ್ಯ ನೋಡು, ಆದರೆ ನಾಳೆ ನೀನು ಹೋದ ಮನೆಯಲ್ಲಿ, ಸರಕಾರದವರು ಬಂದರು ಎಂಬ ಮರ್ಯಾದೆಗೆ ಒಬ್ಬರು ಗೋಡೆ ಹಿಡಿದು ಎದ್ದು ನಿಂತರೆ, ಏನೆಂದು ಬರೆದುಕೊಳ್ಳುತ್ತೀ?"



ಈ ಕತೆಯನ್ನು ಕೇಳಿದ ಎಲ್ಲರ ಮನೆಗೂ ಕಾಳು ಬರಲಿ. ಏಳಲಾಗದ ಒಂದು ದಿನ ಎಲ್ಲರಿಗೂ ಬರುತ್ತದೆ. ಆ ದಿನ ನಿಮ್ಮ ಬಾಗಿಲಿಗೆ ಬರುವ ಕಣ್ಣಿನಲ್ಲಿ ದೇವರು ದಯೆಯಿಟ್ಟು ಕಳಿಸಲಿ.