ಗಾಜಿನ ಕಪಾಟಿನ ಹೆಲ್ಮೆಟ್ಟು

ನನ್ನ ಈ ಗಿರಿಜಾ ಮೀಸೆಯಾಣೆ, ಒಂದೊಂದು ಅಕ್ಷರವೂ ಸತ್ಯ.

ಕೊಡಗಿನ ಒಂದು ಶಾಲೆಯಲ್ಲಿ ಹೋದ ವರ್ಷ ಹಾಕಿ ಚೆಂಡು ಬಡಿದು ಗೋಲ್‌ಕೀಪರ್ ಬೊಳ್ಳಮ್ಮನ ಒಂದು ಕಣ್ಣೇ ಹೋಯಿತು. ಆಸ್ಪತ್ರೆಗೆ ಹೊತ್ತೊಯ್ದ ಅಟೆಂಡರನ ಅಂಗಿಯಿಂದ ರಕ್ತದ ಕಲೆ ಇನ್ನೂ ಹೋಗಿಲ್ಲ. ಆಮೇಲೆ ಹೊಸ ಹೆಲ್ಮೆಟ್ಟು ಬಂತು. ಹೆಡ್‌ಮಾಸ್ಟರು ಅದನ್ನು ಗಾಜಿನ ಕಪಾಟಿನಲ್ಲಿಟ್ಟು ಬೀಗ ಜಡಿದರು.

ಈ ವರ್ಷದ ಮೊದಲ ಪಂದ್ಯದ ದಿನ ಅಟೆಂಡರ್ ಕೈಮುಗಿದ. "ಸಾರ್, ಇವತ್ತು ದೇಚಮ್ಮ ಗೋಲ್ ಕಾಯ್ತಾಳೆ. ಬೀಗದ ಕೈ ಕೊಡಿ."

"ಇನ್‌ಸ್ಪೆಕ್ಷನ್‌ಗೆ ಇಟ್ಟದ್ದು ಕಣಯ್ಯಾ, ಗೀರು ಬಿದ್ದೀತು! ನಾವೆಲ್ಲ ಬರಿತಲೆಯಲ್ಲೇ ಗೋಲ್ ಕಾದವರು!"

ಅಟೆಂಡರ್ ನೆಟ್ಟಗೆ ಮೈಕಿಗೆ ಹೋದ. "ಉದ್ಘಾಟನೆಯ ಹೊಡೆತ ಮುಖ್ಯ ಅತಿಥಿಗಳದು. ತಡೆಯುವವರು ನಮ್ಮ ಹೆಡ್‌ಮಾಸ್ಟರು, ಬರಿತಲೆಯಲ್ಲಿ!"

ಚಪ್ಪಾಳೆಯೋ ಚಪ್ಪಾಳೆ. ಹೆಡ್‌ಮಾಸ್ಟರು ಬಿಳಿಚಿಕೊಂಡು ಪಿಸುಗುಟ್ಟಿದರು: "ಬೀಗದ ಕೈ ತಗೋ, ಓಡು ಮಾರಾಯ!"

ಚೆಂಡು ಹೆಡ್‌ಮಾಸ್ಟರ ತಲೆಯ ಮೇಲಿದ್ದ ಹೆಲ್ಮೆಟ್ಟಿಗೆ ಟಣ್ಣನೆ ಬಡಿಯಿತು. ಹೆಡ್‌ಮಾಸ್ಟರು ಅದನ್ನು ತೆಗೆದು ತಾವೇ ದೇಚಮ್ಮನ ತಲೆಗೆ ತೊಡಿಸಿದರು.

ಇದರಲ್ಲಿ ನಾನು ಸೇರಿಸಿದ್ದು ಒಂದೇ ಚೂರು. ಚೆಂಡು ಬಡಿಯಲೇ ಇಲ್ಲ. ಅತಿಥಿಗಳು ಸ್ಟಿಕ್ ಎತ್ತಿದಾಗಲೇ ಹೆಡ್‌ಮಾಸ್ಟರು ನೆಲಕ್ಕೆ ಮಲಗಿಬಿಟ್ಟಿದ್ದರು.