ಅಕ್ಕಣಿಯ ನಾಲ್ಕು ಪೆಟ್ಟು

ಬಹಳ ಹಿಂದೆ, ಸೇತುವೆ ಹೇಗಿರುತ್ತದೆಂದು ಈ ಹೊಳೆಗೆ ಗೊತ್ತೇ ಇಲ್ಲದ ಕಾಲದಲ್ಲಿ, ಹೊಳೆ ತಿರುಗುವ ಜಾಗದಲ್ಲಿ ಒಂದು ಊರಿತ್ತು. ನಮ್ಮದೇ ಊರು, ಆದರೆ ಆಗ ಇದ್ದದ್ದು ಹದಿನಾಲ್ಕೇ ಮನೆ. ಅದರಲ್ಲೊಂದು ಮನೆ ಅಕ್ಕಣಿಯದು. ಅಕ್ಕಣಿ ಬಹಳ ಗಿಡ್ಡ ಹೆಂಗಸಂತೆ. ಎಷ್ಟು ಗಿಡ್ಡ ಎಂದರೆ, ಅವಳು ಕೊಡ ಹೊತ್ತು ಬಂದರೆ ಕೊಡವೇ ನಡೆದು ಬಂದ ಹಾಗೆ ಕಾಣುತ್ತಿತ್ತಂತೆ. ಅವಳ ಗಂಡ ಹೆರಿಯನೋ, ಎಳೆಯ ತೆಂಗಿನ ಕಾಯನ್ನು ನೆಲದ ಮೇಲೆ ನಿಂತೇ ಕೀಳುವವನು. ಯಾವ ಮನೆಗೆ ಹೋದರೂ ಬಾಗಿಲಿಗೆ ಹಣೆ ಬಡಿಸಿಕೊಳ್ಳದೆ ಒಳಗೆ ಹೋದವನಲ್ಲ. ಇಬ್ಬರೂ ಜೊತೆಯಾಗಿ ನಡೆದರೆ ಊರು ನಗುತ್ತಿತ್ತಂತೆ. ಊರಿಗಿಂತ ಮೊದಲು ಅವರೇ ನಗುತ್ತಿದ್ದರಂತೆ.

ಆಗ ಎಲ್ಲವೂ ಹೊಳೆಯ ಮೇಲೇ ಬರಬೇಕು. ಉಪ್ಪು, ಹೆಂಚು, ಸೀರೆ, ಬೀಗರು, ಎಲ್ಲ ಕಡಲ ಬಾಯಿಯಿಂದ ದೋಣಿ ಹತ್ತಿ, ನಮ್ಮೂರಿನ ತಿರುವು ದಾಟಿಯೇ ಮೇಲಿನ ಪೇಟೆ ಸೇರಬೇಕು. ತಿರುವಿನಾಚೆ, ಕೆಳಗಿನಿಂದ ಬರುವವರ ಕಣ್ಣಿಗೆ ಬೀಳದ ಹಾಗೆ, ಎಮ್ಮೆಕಲ್ಲು ಮಲಗಿದೆಯಲ್ಲ, ಅದು ಆಗಲೂ ಅಲ್ಲೇ ಮಲಗಿತ್ತು. ಕಡಲು ಉಕ್ಕಿದರೆ ನೀರು ಏರುತ್ತದೆ, ಕಡಲು ಇಳಿದರೆ ನೀರೂ ಇಳಿಯುತ್ತದೆ, ಘಟ್ಟದಲ್ಲಿ ಮಳೆಯಾದರೆ ಯಾರ ಅಂದಾಜೂ ನಡೆಯುವುದಿಲ್ಲ. ದೋಣಿಯವರು ತಿರುವಿಗೆ ಬಂದು ದೇವರ ಮೇಲೆ ಭಾರ ಹಾಕಿ ಹುಟ್ಟು ಹಾಕುತ್ತಿದ್ದರು. ದೇವರಿಗಾದರೂ ಎಷ್ಟು ಕೆಲಸ ಹೇಳಿ.

ಒಂದು ದಿನ ದಾಸ ತಂಡೇಲನ ಉಪ್ಪಿನ ದೋಣಿ ಎಮ್ಮೆಕಲ್ಲಿಗೆ ಬಡಿಯಿತಂತೆ. ತಂಡೇಲ ಎಂದರೆ ದೋಣಿ ನಡೆಸುವ ಹಿರಿಯ. ಮೂಟೆ ಮೂಟೆ ಉಪ್ಪು ಕಣ್ಣೆದುರೇ ಕರಗಿ ಹೋಯಿತು. ಆ ವಾರವೆಲ್ಲ ನಮ್ಮೂರಿನವರು ಉಪ್ಪು ಹಾಕದೆ ಮೀನಿನ ಸಾರು ಮಾಡಿದರಂತೆ, ಆದರೂ ಸಪ್ಪೆಯಾಗಲಿಲ್ಲವಂತೆ. ಊರಿನವರು ಹೀಗೆ ಹೇಳಿ ನಗುತ್ತಿದ್ದರೆ, ದಾಸ ತಂಡೇಲ ಮಾತ್ರ ದಡದಲ್ಲಿ ಕೂತು ಮಗುವಿನಂತೆ ಅತ್ತನಂತೆ. ಅಕ್ಕಣಿಗೆ ಅದನ್ನು ನೋಡಲಾಗಲಿಲ್ಲ.

ಅವಳು ದಿನವೂ ಎಮ್ಮೆಕಲ್ಲಿನ ಬುಡದಲ್ಲಿ ನಿಂತು ಚಿಪ್ಪಿ ಹೆಕ್ಕುವವಳು. ನೀರು ಎಷ್ಟಿದೆ ಎಂದು ಅವಳ ಮೈಗೇ ಗೊತ್ತು. ಮರುದಿನವೇ ಒಂದು ತಾಮ್ರದ ಕೊಡ ತಂದಳು, ಒಂದು ಮರದ ಸೌಟು ತಂದಳು. ತಿರುವಿನ ಕೆಳಗಿನಿಂದ ದೋಣಿಯವರ ಶಂಖ ಕೇಳಿದರೆ ಸಾಕು, ನೀರಿಗಿಳಿದು ನಿಂತು ಕೊಡ ಬಡಿಯುತ್ತಿದ್ದಳು. ನೀರು ಪಾದ ಮುಳುಗಿಸಿದರೆ ಒಂದು ಪೆಟ್ಟು. ಮೊಣಕಾಲಿಗೆ ಎರಡು, ಸೊಂಟಕ್ಕೆ ಮೂರು, ಎದೆಗೆ ನಾಲ್ಕು. ಮೂರಕ್ಕೆ ಖಾಲಿ ದೋಣಿ ಬರಬಹುದು, ತುಂಬಿದ ದೋಣಿಗೆ ನಾಲ್ಕೇ ಆಗಬೇಕು.

ಅಂದಿನಿಂದ ತಿರುವು ಬಂತೆಂದರೆ ದೋಣಿಯಲ್ಲಿ ಯಾರೂ ಮಾತಾಡುತ್ತಿರಲಿಲ್ಲವಂತೆ. ಹುಟ್ಟುಗಳನ್ನು ನೀರಿನಿಂದ ಎತ್ತಿ ಹಿಡಿಯುತ್ತಿದ್ದರು, ಹಾಯಿ ಸುತ್ತುತ್ತಿದ್ದರು, ಎಲೆ ಅಡಿಕೆ ಜಗಿಯುವವರು ದವಡೆ ನಿಲ್ಲಿಸುತ್ತಿದ್ದರು. ಪೆಟ್ಟು ಎಣಿಸಿ ಆದಮೇಲೇ ಉಸಿರು. ಹೀಗೆ ಎಷ್ಟೋ ವರ್ಷ ಒಂದು ದೋಣಿಯೂ ಒಡೆಯಲಿಲ್ಲವಂತೆ. ದಾಸ ತಂಡೇಲನಂತೂ ಅಕ್ಕಣಿಯ ಕೊಡ ಕೇಳದೆ ಒಂದು ಮಾರು ಮುಂದೆ ಹೋಗುತ್ತಿರಲಿಲ್ಲ.

ಆಮೇಲೆ ಅಕ್ಕಣಿ ಬಸುರಿಯಾದಳು. ದಿನ ತುಂಬಿತು, ನೋವು ಬಂತು, ಕೂಸು ಬರಲಿಲ್ಲ. ಊರಿನ ಹೆಂಗಸರು ಹೊಟ್ಟೆ ಮುಟ್ಟಿ ನೋಡಿ, ಕೂಸು ಅಡ್ಡ ಕೂತಿದೆ, ಇದು ನಮ್ಮ ಕೈಯಲ್ಲಾಗುವುದಿಲ್ಲ, ಕಡಲ ಬಾಯಿಯ ಪದ್ದು ಸೂಲಗಿತ್ತಿಯೇ ಬರಬೇಕು ಎಂದರಂತೆ. ಬೆಳಗಿನ ಇಳಿತದಲ್ಲಿ ಕೆಳಗೆ ಹೋಗುವ ದೋಣಿಯವರ ಕೈಯಲ್ಲಿ ಹೇಳಿ ಕಳಿಸಿದರು. ಮಧ್ಯಾಹ್ನದ ಉಬ್ಬರಕ್ಕೆ ದಾಸ ತಂಡೇಲ ಹೆಂಚು ತುಂಬಿಕೊಂಡು ಹೊರಟಿದ್ದ. ಪದ್ದು ಅದೇ ದೋಣಿ ಹತ್ತಿದಳು.

ತಿರುವಿನಲ್ಲಿ ತಂಡೇಲ ಶಂಖ ಊದಿದ. ಅಕ್ಕಣಿ ಚಾಪೆ ಮೇಲಿದ್ದಾಳೆ, ಬಡಿಯುವವರು ಯಾರು? ಹೆರಿಯ ಕೊಡ ಎತ್ತಿಕೊಂಡು ಓಡಿದ. ಹೆಂಡತಿ ನಿಲ್ಲುವ ಜಾಗದಲ್ಲೇ ನಿಂತ. ನೀರು ನೋಡಿದ. ಸೊಂಟಕ್ಕಿತ್ತು. ಶ್ರದ್ಧೆಯಿಂದ ಮೂರು ಪೆಟ್ಟು ಬಡಿದ.

ದಾಸ ತಂಡೇಲ ಮೂರು ಎಣಿಸಿ ಲಂಗರು ಹಾಕಿದ. ತುಂಬಿದ ದೋಣಿ, ನಾಲ್ಕಾಗಲಿ ಎಂದ. ಪದ್ದು ಸುಮ್ಮನಿರುವ ಹೆಂಗಸಲ್ಲ.

"ಹೆಣ್ಣ್ ಅಲ್ಲಿ ನೋವ್ ತಿಂತಾ ಇತ್ತ್, ಅದ್ ಹ್ಯಾಂಗೆ ಬಡೀತ್ತ್? ಬಡ್ದದ್ದ್ ಅದ್ರ್ ಗಂಡ."

"ಗಂಡ ಬಡ್ದ್ರೆ ನೀರ್ ಬೇರೆ ಆತ್ತಾ?" ಎಂದನಂತೆ ತಂಡೇಲ.

ನೋಡಿ, ಅಷ್ಟು ವರ್ಷ ಹೊಳೆಯಲ್ಲೇ ಕಳೆದ ಗಂಡಸು ಆಡಿದ ಮಾತು ಇದು. ಇಳಿದು ನಡೆಯೋಣವೆಂದರೆ ದಡದಲ್ಲಿ ಬೇರಿಗೆ ಬೇರು ಹೆಣೆದ ಕಾಂಡ್ಲ ಕಾಡು, ತೊಡೆವರೆಗೆ ಕೆಸರು. ಉಬ್ಬರವೋ, ಇನ್ನೇನು ತಿರುಗುವ ಹೊತ್ತು. ಒಮ್ಮೆ ನೀರಿಳಿದರೆ, ರಾತ್ರಿಯ ಉಬ್ಬರಕ್ಕೆ ತಿರುವು ದಾಟುವವರಿಲ್ಲ, ನಾಳೆಯವರೆಗೆ ದೋಣಿ ಇಲ್ಲ. ನಾಳೆಯವರೆಗೆ ಅಕ್ಕಣಿ ಇರುತ್ತಾಳೆಂದು ಯಾರೂ ಹೇಳುವಂತಿರಲಿಲ್ಲ.

ಚಾಪೆಯ ಮೇಲಿದ್ದ ಅಕ್ಕಣಿಗೂ ಮೂರು ಪೆಟ್ಟು ಕೇಳಿಸಿತು. ನಾಲ್ಕನೆಯದಕ್ಕೆ ಕಾದಳು. ಬರಲಿಲ್ಲ. ಬಾಗಿಲಿನಿಂದ ನೋಡಿದರೆ ಅಂಗಳದಾಚೆಯ ತೆಂಗಿನ ಬೇರು ನೆನೆದಿದೆ. ಆ ಬೇರು ನೆನೆಯುವುದು ನಾಲ್ಕಕ್ಕೇ. ಅವಳಿಗೆ ಎಲ್ಲ ತಿಳಿಯಿತು. ನೋವಿನ ನಡುವೆಯೂ ನಕ್ಕಳಂತೆ.

ಹೆಂಗಸರು ಹಿಡಿದರು, ಅವಳು ಕೊಸರಿಕೊಂಡಳು. ಗೋಡೆ ಹಿಡಿದು, ತೆಂಗು ಹಿಡಿದು, ನಿಂತು ನಿಂತು ನಡೆದು ಹೊಳೆಗಿಳಿದಳು. ಸೊಂಟದ ನೀರಲ್ಲಿ ಕೊಡ ಹಿಡಿದು ನಿಂತ ಗಂಡನನ್ನು ನೋಡಿ, "ನಿಮ್ಮ್ ಸೊಂಟ ಯಾರ್ ಕೇಂಡದ್? ಇಲ್ಲ್ ಕೊಡಿ" ಎಂದಳಂತೆ. ಅವನ ಸೊಂಟಕ್ಕಿದ್ದ ನೀರು ಅವಳ ಎದೆಗಿತ್ತು. ಹೆರಿಯ ಒಂದು ಕೈಯಲ್ಲಿ ಅವಳನ್ನು ಹಿಡಿದ, ಒಂದು ಕೈಯಲ್ಲಿ ಕೊಡ ಹಿಡಿದ. ಅಕ್ಕಣಿ ಬಡಿದಳು. ಒಂದು, ಎರಡು, ಮೂರು, ನಾಲ್ಕು. ನಾಲ್ಕನೆಯ ಪೆಟ್ಟಿಗೆ ಸೌಟು ಮುರಿಯಿತಂತೆ.

ಆ ಪೆಟ್ಟಿಗೋ, ನೀರಿನ ತಂಪಿಗೋ, ಅಡ್ಡ ಕೂತ ಕೂಸು ಹೊಟ್ಟೆಯಲ್ಲಿ ತಾನೇ ತಿರುಗಿತು ಎನ್ನುತ್ತಾರೆ. ನಾನು ನೋಡಿಲ್ಲ, ನನ್ನಜ್ಜಿಯೂ ನೋಡಿಲ್ಲ, ಆದರೆ ನಾವಿಬ್ಬರೂ ನಂಬಿದ್ದೇವೆ.

ದೋಣಿ ಬಂತು. ಅಕ್ಕಣಿಯನ್ನು ನೀರಿನಿಂದಲೇ ಎತ್ತಿಕೊಂಡು ಹೆಂಚಿನ ಮೇಲೆ ಹುಲ್ಲು ಹಾಸಿ ಮಲಗಿಸಿದರು. ಪದ್ದು ಗಂಡಸರಿಗೆಲ್ಲ ಬೆನ್ನು ತಿರುಗಿಸಿ ಕೂರಲು ಹೇಳಿದಳು. ದೋಣಿ ದಡ ಮುಟ್ಟುವುದರೊಳಗೆ ಹೆಣ್ಣು ಕೂಸು ಅತ್ತಿತು. ದಾಸ ತಂಡೇಲ ಶಂಖ ಊದಿದ, ಊದಿದ, ಉಸಿರು ಕಟ್ಟುವವರೆಗೆ ಊದಿದ. ಅಷ್ಟೆಲ್ಲ ಆದರೂ ಒಡೆದದ್ದು ಒಂದೇ ಹೆಂಚಂತೆ, ಅದೂ ಹೆರಿಯ ಕುಣಿದದ್ದಕ್ಕೆ.

ಆಮೇಲೆ ಹೆರಿಯ ತಾನೇ ಒಂದು ಕಲ್ಲು ಕಡಿದು ತಂದು ಎಮ್ಮೆಕಲ್ಲಿನ ಪಕ್ಕ ನೆಟ್ಟ. ಅಕ್ಕಣಿಯನ್ನು ಅದಕ್ಕೊರಗಿಸಿ ನಿಲ್ಲಿಸಿ ಪಾದ, ಮೊಣಕಾಲು, ಸೊಂಟ, ಎದೆ, ನಾಲ್ಕು ಕಡೆ ಗೆರೆ ಕೊರೆದ. ಉದ್ದನೆಯವರು ಬಡಿಯಲಿ, ಗಿಡ್ಡನೆಯವರು ಬಡಿಯಲಿ, ಹೇಳುವುದು ಅಕ್ಕಣಿಯ ಅಳತೆ.

ಆ ಕಲ್ಲು ಈಗಲೂ ಇದೆ. ಊರಿಗೆ ಬಂದ ಹೊಸ ಸೊಸೆ ಅದಕ್ಕೊಮ್ಮೆ ಒರಗಿ ನಿಲ್ಲುತ್ತಾಳೆ. ಗಿಡ್ಡ ಇದ್ದರೆ ಎಲ್ಲರಿಗೂ ಖುಷಿ. ಮರಳಿನ ದೋಣಿಯವರ ಮೊಬೈಲಿಗೆ ಈಗ ನೀರಿನ ಮಟ್ಟ ತಾನೇ ಬರುತ್ತದೆ, ಆದರೂ ತಿರುವಿನಲ್ಲಿ ಮೋಟಾರು ನಿಲ್ಲಿಸಿ ಒಂದು ಗಳಿಗೆ ಸುಮ್ಮನಿರುತ್ತಾರೆ. ಮತ್ತೆ, ನಮ್ಮೂರಿನ ಯಾವ ಹೆಂಗಸಿಗೆ ಹೆರಿಗೆ ನೋವು ಬಂದರೂ, ದಡದಲ್ಲಿರುವವರು ಕೈಗೆ ಸಿಕ್ಕಿದ ಪಾತ್ರೆ ಹಿಡಿದು ನಾಲ್ಕು ಬಡಿಯುತ್ತಾರೆ. ಆಂಬ್ಯುಲೆನ್ಸು ಬರುವುದು ಸೇತುವೆಯ ಮೇಲೆ, ಅದಕ್ಕೆ ನೀರು ಎಷ್ಟಿದ್ದರೇನು. ಆದರೂ ಬಡಿಯುತ್ತಾರೆ. ನನ್ನ ಅಮ್ಮನಿಗೂ ಬಡಿದಿದ್ದರಂತೆ. ನೀರಿದೆ, ಬಾ ಎಂದು ನಾಲ್ಕು ಪೆಟ್ಟು ಕೇಳಿಯೇ ನಾನು ಬಂದದ್ದು.